ಚೀಟಿ ಮುಗಿದ ಮೇಲೂ ಕಂತು ಕಟ್ಟಬೇಕೆ?

ಪ್ರಶ್ನೆ: ನನಗೆ 38 ವರ್ಷ. ಕಾಲೇಜಿನ ದಿನಗಳಿಂದ ಮಾರ್ವೆಲ್ ಸಿನಿಮಾಗಳ ಹುಚ್ಚು. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಿ ಥಿಯೇಟರಿನಲ್ಲೇ ಅತ್ತಿದ್ದೆ. ಆಮೇಲೆ ಬಂದವುಗಳಲ್ಲಿ ಅರ್ಧಕ್ಕರ್ಧ ನೋಡಿಲ್ಲ, ನೋಡಿದವು ನೆನಪಿಲ್ಲ. ‘ಕಾಂತಾರ: ಚಾಪ್ಟರ್ 1’ ನೋಡಿ ಬಂದಾಗಲೂ ಏನೋ ಕೊರತೆ ಅನ್ನಿಸಿತು, ಬಾಯಿಬಿಟ್ಟು ಹೇಳಿದ್ದಕ್ಕೆ ಆಫೀಸಿನಲ್ಲಿ ಬೈಸಿಕೊಂಡೆ. ಈಗ ಆರನೇ ಕ್ಲಾಸಿನ ಮಗ ಮುಂದಿನ ಅವೆಂಜರ್ಸ್ ಸಿನಿಮಾ ‘ಡೂಮ್ಸ್‌ಡೇ’ ಬರುವುದರೊಳಗೆ ಎಲ್ಲ ಸಿನಿಮಾ, ಎಲ್ಲ ಸರಣಿ ಮುಗಿಸೋಣ ಎಂದು ಪಟ್ಟು ಹಿಡಿದಿದ್ದಾನೆ. ನನಗೆ ವಯಸ್ಸಾಯಿತೋ, ಸಿನಿಮಾಗಳೇ ಕೆಟ್ಟವೋ? ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?
ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ವಯಸ್ಸು ಎಲ್ಲರಿಗೂ ಆಗುತ್ತದೆ, ಅದರ ಮೇಲೆ ತಪ್ಪು ಹೊರಿಸಬೇಡಿ. ನಾನು ನಿಮಗಿಂತ ಹದಿನೈದು ವರ್ಷ ದೊಡ್ಡವನು. ಅರ್ಧ ಆಯುಸ್ಸು ಎಡಿಟಿಂಗ್ ಟೇಬಲ್ಲಿನ ಮುಂದೆ ಕಳೆದು ಈಗ ಹುಡುಗರಿಗೆ ಚಿತ್ರಕಥೆಯ ಪಾಠ ಹೇಳುತ್ತಿದ್ದೇನೆ. ಹೋದ ವರ್ಷ ‘ಸ್ಟಾರ್ ವಾರ್ಸ್’ ಲೋಕದ ಸರಣಿ ‘ಆಂಡೋರ್’ನ ಎರಡನೇ ಸೀಸನ್ ನೋಡುವಾಗ ರಾತ್ರಿ ಎರಡು ಗಂಟೆಗೆ ಮನೆಯವರು ಎದ್ದು ಬಂದು ಟಿವಿ ಆರಿಸಬೇಕಾಯಿತು. ಹುಚ್ಚು ಇನ್ನೂ ಹಾಗೇ ಇದೆ. ಬದಲಾದದ್ದು ಬೇರೆ.

ರಾಜಾಜಿನಗರದ ನಮ್ಮ ಹಳೇ ಬೀದಿಯಲ್ಲಿ ಒಬ್ಬ ಅಕ್ಕ ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ಇಪ್ಪತ್ತು ತಿಂಗಳು. ನಮ್ಮಮ್ಮ ಸಾಸಿವೆ ಡಬ್ಬಿಯಿಂದ ತೆಗೆದು ತಿಂಗಳ ಕಂತು ಕಟ್ಟುತ್ತಿದ್ದರು. ಒಂದು ದಿನ ಅಷ್ಟೂ ದುಡ್ಡು ಒಟ್ಟಿಗೆ ಕೈಗೆ ಬರುತ್ತಿತ್ತು; ಅವತ್ತು ಮನೆಯಲ್ಲಿ ಹಬ್ಬ. ಕಾಗದ ಪತ್ರ ಏನೂ ಇರಲಿಲ್ಲ, ನಡೆಯುತ್ತಿದ್ದದ್ದೆಲ್ಲ ಆ ಅಕ್ಕನ ಮುಖ ನೋಡಿ. ಮಾರ್ವೆಲ್‌ನವರು 2008ರಲ್ಲಿ ‘ಐರನ್ ಮ್ಯಾನ್’ ಬಿಟ್ಟು ಶುರು ಮಾಡಿದ್ದೂ ಇಂಥದೇ ಚೀಟಿ. ಇಪ್ಪತ್ತೊಂದು ಸಿನಿಮಾದ ತನಕ ನಾವು ಕಂತು ಕಟ್ಟಿದೆವು. 2019ರ ಏಪ್ರಿಲ್ 26ರಂದು ಬಂದ ಇಪ್ಪತ್ತೆರಡನೆಯದರಲ್ಲಿ ಎಲ್ಲರಿಗೂ ಒಟ್ಟಿಗೆ ಬಟವಾಡೆ ಆಯಿತು.

ಆ ಬಟವಾಡೆ ಹೇಗಿತ್ತು ನೆನಪಿದೆಯೆ? 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಒಂದು ಪಾರ್ಟಿ ದೃಶ್ಯವಿದೆ. ಥಾರ್‌ನ ಸುತ್ತಿಗೆಯನ್ನು ಒಬ್ಬೊಬ್ಬರೇ ಎತ್ತಲು ನೋಡುತ್ತಾರೆ. ಕ್ಯಾಪ್ಟನ್ ಅಮೆರಿಕಾ ಕೈ ಹಾಕಿದಾಗ ಅದು ಒಂದು ಕೂದಲೆಳೆಯಷ್ಟು ಅಲುಗುತ್ತದೆ, ಥಾರ್‌ನ ಮುಖದ ನಗು ಒಂದು ಕ್ಷಣ ಮಾಯವಾಗುತ್ತದೆ, ಅಷ್ಟೆ. ನಾಲ್ಕು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ‘ಎಂಡ್‌ಗೇಮ್’ನಲ್ಲಿ ಆ ಸುತ್ತಿಗೆ ಹಾರಿ ಕ್ಯಾಪ್ಟನ್‌ನ ಕೈ ಸೇರಿದಾಗ ನಾನಿದ್ದ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಮೇಲಕ್ಕೆ ಹಾರಿತು, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹುಡುಗ ನನ್ನ ಭುಜ ಹಿಡಿದು ಅಲ್ಲಾಡಿಸಿದ. ನೀವು ಅತ್ತದ್ದೂ ಇಂಥ ಕಡೆಯೇ ಇರಬೇಕು. ಹನ್ನೊಂದು ವರ್ಷದ ಉಳಿತಾಯ ಕೈಗೆ ಬಂದಾಗ ಯಾರಾದರೂ ಅಳುತ್ತಾರೆ.

ಮುಂದಿನ ತಿಂಗಳಿಂದ ಅದೇ ಅಕ್ಕ ಒಟ್ಟಿಗೆ ಐದು ಹೊಸ ಚೀಟಿ ಹಾಕಿದರೆ ಏನಾಗುತ್ತದೆ? 2021 ಒಂದೇ ವರ್ಷದಲ್ಲಿ ಮಾರ್ವೆಲ್ ನಾಲ್ಕು ಸಿನಿಮಾ, ಐದು ಸರಣಿ ಬಿಟ್ಟಿತು. ಡಿಸ್ನಿಯವರ ಸ್ಟ್ರೀಮಿಂಗ್ ಸೇವೆ 2019ರ ನವೆಂಬರಿನಲ್ಲಿ ಶುರುವಾಗಿತ್ತು. ಅದರ ಹೊಟ್ಟೆ ತುಂಬಿಸಬೇಕಿತ್ತು. ನೋಡುವವರ ಕಡೆಯಿಂದ ಯೋಚಿಸಿ. 2022ರ ‘ಡಾಕ್ಟರ್ ಸ್ಟ್ರೇಂಜ್’ ಎರಡನೇ ಸಿನಿಮಾದಲ್ಲಿ ವಾಂಡಾ ಇದ್ದಕ್ಕಿದ್ದಂತೆ ಕೊಲೆಗಡುಕಿ. ಯಾಕೆ, ಅವಳಿಗೆ ಮಕ್ಕಳು ಎಲ್ಲಿಂದ ಬಂದರು, ಎಲ್ಲಿ ಹೋದರು ಎನ್ನುವುದು ತಿಳಿಯಬೇಕಾದರೆ ‘ವಾಂಡಾವಿಷನ್’ ಎಂಬ ಸರಣಿಯನ್ನು ಮನೆಯಲ್ಲಿ ಕೂತು ನೋಡಿರಬೇಕು. 2023ರ ‘ದಿ ಮಾರ್ವೆಲ್ಸ್’ನ ಮೂವರು ನಾಯಕಿಯರಲ್ಲಿ ಒಬ್ಬಳು ಸಿನಿಮಾದಿಂದ ಬಂದವಳು, ಇನ್ನಿಬ್ಬರು ಎರಡು ಬೇರೆ ಬೇರೆ ಸರಣಿಗಳಿಂದ. ಟಿಕೆಟ್ ಕೊಂಡು ಒಳಗೆ ಹೋದವನಿಗೆ ಬಾಗಿಲಲ್ಲೇ ಹಳೇ ಬಾಕಿ ಕೇಳಿದಂತಾಯಿತು. ಮಾರ್ವೆಲ್ ಸಿನಿಮಾಗಳಲ್ಲೇ ಅತಿ ಕಡಿಮೆ ಗಳಿಸಿದ್ದು ಅದು. ಸಿನಿಮಾ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಮಲಾ ಖಾನ್ ಆಗಿ ನಟಿಸಿದ ಹುಡುಗಿಯಂತೂ ಚಿನ್ನ.

ಸಿನಿಮಾ ಮುಗಿದು ಹೆಸರುಗಳು ಓಡುವಾಗ ಬರುವ ತುಣುಕು ದೃಶ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ ಮಲ್ಟಿಪ್ಲೆಕ್ಸುಗಳಲ್ಲಿ ಲೈಟು ಹಾಕಿ, ಗುಡಿಸುವವರು ಪೊರಕೆ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರೂ ಎದ್ದೇಳದೆ ಕೂರುತ್ತಿದ್ದವರು ನಾವು ಮಾರ್ವೆಲ್ ಮಂದಿ ಮಾತ್ರ. ಮೊದಮೊದಲು ಅದಕ್ಕೆ ಬೆಲೆ ಇತ್ತು. 2021ರ ‘ಎಟರ್ನಲ್ಸ್’ ಕೊನೆಯಲ್ಲಿ ಹಾಡುಗಾರ ಹ್ಯಾರಿ ಸ್ಟೈಲ್ಸ್ ಬಂದು ಕೈ ಬೀಸಿದ. 2022ರಲ್ಲಿ ‘ಡಾಕ್ಟರ್ ಸ್ಟ್ರೇಂಜ್’ನ ಕೊನೆಗೆ ಚಾರ್ಲೀಸ್ ಥೆರಾನ್, ‘ಥಾರ್’ ನಾಲ್ಕರ ಕೊನೆಗೆ ಹರ್ಕ್ಯುಲೀಸ್. ಆಮೇಲೆ ಅವರಲ್ಲಿ ಯಾರ ಸುಳಿವೂ ಇಲ್ಲ. ಇಂಥವನ್ನು ನಮ್ಮ ಕಡೆ ಕೈಗಡ ಅನ್ನುತ್ತಾರೆ. ಇಸಿದುಕೊಂಡವರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ 2023ರಲ್ಲಿ ಒಪ್ಪಿಕೊಂಡರು, ಸಂಖ್ಯೆ ಹೆಚ್ಚಾಗಿ ಗಮನ ತೆಳುವಾಯಿತು ಎಂದು. ಮರುವರ್ಷ ವರ್ಷಕ್ಕೆ ಎರಡು ಸರಣಿ, ಎರಡೋ ಮೂರೋ ಸಿನಿಮಾ ಸಾಕು ಎಂದು ಕಡಿತ ಹೇಳಿದರು. ಆದರೆ ಇಲ್ಲೊಂದು ತಕರಾರು ನನ್ನದು. ರೋಗ ಸಂಖ್ಯೆಯದ್ದೆಂದು ನನಗೆ ಅನ್ನಿಸುವುದಿಲ್ಲ. ಅದೇ 2023ರಲ್ಲಿ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಮೂರನೆಯದು ಬಂತು. ಪ್ರಯೋಗಶಾಲೆಯಲ್ಲಿ ಹಿಂಸೆಪಟ್ಟ ಒಂದು ರಕೂನ್‌ನ ಕಥೆ. ಆ ಪ್ರಾಣಿಯ ಗೆಳೆಯರು ಬೋನಿನೊಳಗೆ ಆಕಾಶದ ಮಾತಾಡುವ ದೃಶ್ಯ ನೋಡಿ ಅಳಲು ಹಿಂದಿನ ಮೂವತ್ತೊಂದು ಸಿನಿಮಾ ನೋಡಿರಬೇಕಿಲ್ಲ, ಮನುಷ್ಯರಾಗಿದ್ದರೆ ಸಾಕು.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಬೈಟೂ ಕಾಫಿ ಪರೀಕ್ಷೆ ಅಂತ ಒಂದಿದೆ. ದರ್ಶಿನಿಯಲ್ಲಿ ನಿಂತು, ಸಿನಿಮಾ ನೋಡದ ಗೆಳೆಯನಿಗೆ ಕಥೆ ಹೇಳಿ. ಅರ್ಧ ಲೋಟ ಕಾಫಿ ಎಷ್ಟು ಹೊತ್ತು ಬರುತ್ತದೋ ಅಷ್ಟೇ ಸಮಯ. ಹೇಳುವಾಗ ‘ಇರು, ಅದಕ್ಕೂ ಮೊದಲು ನಿನಗೆ ಇನ್ನೊಂದು ಗೊತ್ತಿರಬೇಕು’ ಎಂದು ಒಂದು ಸಲ ಹಿಂದಕ್ಕೆ ಹೋಗಬಹುದು. ಎರಡನೇ ಸಲ ಹೋದರೆ ಕಾಫಿ ಆರಿತು, ಸಿನಿಮಾ ಫೇಲು. ತಮಾಷೆಗೆ ಶುರು ಮಾಡಿದ್ದು, ಆದರೆ ಇದುವರೆಗೆ ನನಗೆ ಮೋಸ ಮಾಡಿಲ್ಲ. 2025ರ ‘ಕ್ಯಾಪ್ಟನ್ ಅಮೆರಿಕಾ: ಬ್ರೇವ್ ನ್ಯೂ ವರ್ಲ್ಡ್’ಗೆ ಹಚ್ಚಿ ನೋಡಿದೆ. 2008ರ ‘ಇನ್‌ಕ್ರೆಡಿಬಲ್ ಹಲ್ಕ್’, 2021ರ ‘ಎಟರ್ನಲ್ಸ್’, ಮಧ್ಯದಲ್ಲಿ ಒಂದು ಸರಣಿ, ಇಷ್ಟೂ ಬಾಕಿ. ಫಿಲ್ಟರ್ ಕಾಫಿಯ ಮೇಲೆ ಕೆನೆ ಕಟ್ಟಿತು. ಅದೇ ವರ್ಷ ಜುಲೈನಲ್ಲಿ ಬಂದ ‘ಫ್ಯಾಂಟಾಸ್ಟಿಕ್ ಫೋರ್’ಗೆ ಹಚ್ಚಿದರೆ ಒಂದು ಸಲವೂ ಹಿಂದಕ್ಕೆ ಹೋಗಬೇಕಿಲ್ಲ. ಬೇರೆಯದೇ ಭೂಮಿ, ಅರವತ್ತರ ದಶಕದ ಅಂದಚೆಂದ, ಒಂದು ಸಂಸಾರ, ಒಂದು ಕೂಸು, ಆ ಕೂಸನ್ನು ಕೇಳುತ್ತ ಬರುವ ಒಬ್ಬ ಭೂಭಕ್ಷಕ. ಬಕಾಸುರನ ಕಥೆ ಕೇಳಿದ ಯಾವ ಮಗುವಿಗೂ ಅರ್ಥವಾಗುತ್ತದೆ. ಮಹಾ ಸಿನಿಮಾ ಅಲ್ಲ, ಆದರೆ ಲೆಕ್ಕ ಚುಕ್ತಾ.

ಇದೆಲ್ಲ ಹಾಲಿವುಡ್ಡಿನ ಹೊಸ ಕಾಯಿಲೆ ಅಂದುಕೊಳ್ಳಬೇಡಿ. ಗದುಗಿನಲ್ಲಿ ಕೂತು ಕುಮಾರವ್ಯಾಸ ಆಗಲೇ ಗೊಣಗಿದ್ದ: ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ, ಆ ಕಥೆಯಲ್ಲಿ ಕಾಲಿಡಲು ಜಾಗವಿಲ್ಲ ಎಂದು. ಅದಕ್ಕೇ ಆತ ಭಾರತ ಕೈಗೆತ್ತಿಕೊಂಡ. ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಇವತ್ತು ಗಮಕ ವಾಚನಕ್ಕೆ ಹೋದರೆ ಓದುವುದು ಯಾವುದನ್ನು ಹೇಳಿ? ತಿಮ್ಮಣ್ಣನ ಹೆಸರು ಪರೀಕ್ಷೆಗೆ ಓದಿದವರಿಗೆ ಮಾತ್ರ ಗೊತ್ತು. ಪಾಪ, ಆತನ ತಪ್ಪಲ್ಲ; ಇನ್ನೊಬ್ಬರ ಚೀಟಿಯ ಕೊನೇ ಕಂತು ಕಟ್ಟುವ ಕೆಲಸ ಯಾರಿಗೂ ಹೆಸರು ತರುವುದಿಲ್ಲ. ಮೂಲ ಕಾದಂಬರಿ ಮುಗಿಯುವ ಮೊದಲೇ 2019ರಲ್ಲಿ ಆರೇ ಕಂತುಗಳಲ್ಲಿ ಕಥೆ ಮುಗಿಸಲು ಹೊರಟ ‘ಗೇಮ್ ಆಫ್ ಥ್ರೋನ್ಸ್’ನವರನ್ನು ಜನ ಬೈಯುವಾಗ ನನಗೆ ತಿಮ್ಮಣ್ಣ ಕವಿಯ ನೆನಪಾಗುತ್ತದೆ. (ನಾನೂ ಬೈದಿದ್ದೇನೆ.) ಗಮಕದಲ್ಲಿ ಒಂದು ಸಂಜೆಗೆ ಒಂದು ಸಂಧಿ. ಉತ್ತರನ ಪೌರುಷ ಕೇಳಿ ನಕ್ಕು ಮನೆಗೆ ಹೋಗಬಹುದು, ಮಾರನೇ ದಿನ ಬರದಿದ್ದರೂ ನಷ್ಟವಿಲ್ಲ.

‘ಆಂಡೋರ್’ ನನ್ನನ್ನು ಕಟ್ಟಿಹಾಕಿದ್ದು ಇದೇ ಕಾರಣಕ್ಕೆ. ‘ಸ್ಟಾರ್ ವಾರ್ಸ್’ ಎಂದರೆ ಮೂಗು ಮುರಿಯುವವರಿಗೂ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಎರಡು ಸೀಸನ್, 24 ಕಂತು, 2022ರಲ್ಲಿ ಅರ್ಧ, 2025ರ ಏಪ್ರಿಲ್-ಮೇನಲ್ಲಿ ಅರ್ಧ. ಕಥಾನಾಯಕ ಕೊನೆಗೆ ಸಾಯುತ್ತಾನೆ ಎಂಬುದು 2016ರ ‘ರೋಗ್ ಒನ್’ ನೋಡಿದವರಿಗೆಲ್ಲ ಮೊದಲೇ ಗೊತ್ತು. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಬೆಳತನಕ ಕೂರುವ ನಮಗೆ ಅದೇನು ದೊಡ್ಡದಲ್ಲ. ಮಂತ್ರದ ಖಡ್ಗ ಹಿಡಿದ ಜೆಡೈ ಒಬ್ಬನೂ ಇಲ್ಲಿಲ್ಲ. ಇರುವುದು ಗುಮಾಸ್ತರು, ಮೆಕ್ಯಾನಿಕ್ಕುಗಳು, ಗಂಡನ ಜೊತೆ ಸರಿಹೋಗದ ಒಬ್ಬ ಸೆನೆಟರ್, ಅಮ್ಮನ ಹತ್ತಿರ ಬೈಸಿಕೊಳ್ಳುತ್ತಲೇ ಸಾಮ್ರಾಜ್ಯಕ್ಕೆ ನಿಷ್ಠೆ ತೋರಿಸಲು ಹಾತೊರೆಯುವ ಒಬ್ಬ ಸಣ್ಣ ಅಧಿಕಾರಿ. ಸಾಮ್ರಾಜ್ಯದ ಗುಪ್ತಚರ ಇಲಾಖೆಯ ಮೀಟಿಂಗುಗಳನ್ನು ನೋಡಿ. ಯಾರ ವ್ಯಾಪ್ತಿ ಯಾವುದು, ಯಾರ ಫೈಲು ಯಾರು ನೋಡಿದರು ಎಂದು ಅಲ್ಲಿ ಜಗಳ. ಎಂ.ಎಸ್. ಬಿಲ್ಡಿಂಗಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನ್ನ ಮಾವ ‘ಇದು ನಮ್ಮ ಸೆಕ್ಷನ್ನೇ ಕಣಯ್ಯ’ ಎಂದು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಎಡಿಟರ್ ಆಗಿ ನನಗೆ ಅದರಲ್ಲಿ ಇಷ್ಟವಾದದ್ದು ಕಟ್ಟಡದ ಕೆಲಸ. ಸೃಷ್ಟಿಕರ್ತ ಟೋನಿ ಗಿಲ್ರಾಯ್ ಮೊದಲು ಯೋಚಿಸಿದ್ದು ಐದು ಸೀಸನ್. ಅಷ್ಟು ವರ್ಷ ಹಿಡಿಯುತ್ತದೆ ಎಂದು ಗೊತ್ತಾದಾಗ ಎರಡಕ್ಕೆ ಇಳಿಸಿ, ಎರಡನೆಯದರಲ್ಲಿ ಮೂರು ಮೂರು ಕಂತಿಗೆ ಒಂದೊಂದು ವರ್ಷದ ಕಥೆ ಹೇಳಿದರು. ಪ್ರತಿ ಮೂರು ಕಂತೂ ಒಂದು ಸಿನಿಮಾದಂತೆ ಎದ್ದು ನಿಂತು, ತನ್ನ ಲೆಕ್ಕ ತಾನು ತೀರಿಸಿ ಹೋಗುತ್ತದೆ. ಮೊದಲ ಸೀಸನ್ನಿನಲ್ಲಿ ಜೈಲಿನ ಮೂರು ಕಂತುಗಳಿವೆ. ಕೈದಿಗಳು ದಿನವಿಡೀ ಏನೋ ಯಂತ್ರದ ಭಾಗ ಜೋಡಿಸುತ್ತಾರೆ, ಏನೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸೀಸನ್ ಮುಗಿದು ಹೆಸರುಗಳೆಲ್ಲ ಓಡಿದ ಮೇಲೆ ತೋರಿಸುತ್ತಾರೆ, ಆ ಭಾಗಗಳೆಲ್ಲ ‘ಡೆತ್ ಸ್ಟಾರ್’ ಎಂಬ ಗ್ರಹನಾಶಕ ಅಸ್ತ್ರಕ್ಕೆ ಸೇರುತ್ತಿವೆ ಎಂದು. ಕಥಾನಾಯಕನನ್ನು ಮುಂದೆ ಕೊಲ್ಲಲಿರುವ ಅದೇ ಯಂತ್ರ. ಕೊನೆಯ ತುಣುಕು ದೃಶ್ಯ ಎಂದರೆ ಇದು. ಮುಂದೆ ಬರುವ ಸರಕಿನ ಜಾಹೀರಾತು ಇದರಲ್ಲಿಲ್ಲ. ಹಿಂದೆ ನೋಡಿದ್ದಕ್ಕೆಲ್ಲ ಬೇರೆಯದೇ ಅರ್ಥ ಬರುತ್ತದೆ.

ಅದೇ ಮನೆಯ 2019ರ ‘ರೈಸ್ ಆಫ್ ಸ್ಕೈವಾಕರ್’ ಬಗ್ಗೆ ಹೆಚ್ಚು ಹೇಳಲಾರೆ. ಮೂರು ಸಿನಿಮಾಕ್ಕೆ ಒಂದು ನೀಲನಕ್ಷೆ ಇಲ್ಲದೆ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವಿದರು, ಮೊದಲಿನವರು ಬಂದು ಮತ್ತೆ ಕಟ್ಟಿದರು. ಸತ್ತ ಖಳನಾಯಕ ಹೇಗೋ ವಾಪಸ್ ಬಂದ ಎಂದು ಒಂದು ಪಾತ್ರ ಹೇಳುತ್ತದೆ. ಆ ‘ಹೇಗೋ’ ಎಂಬ ಪದಕ್ಕೆ ನನ್ನ ಕ್ಲಾಸಿನಲ್ಲಿ ದಂಡ ಹತ್ತು ರೂಪಾಯಿ.

ಇನ್ನು ನಮ್ಮ ಮನೆಗೆ ಬರೋಣ. ನೀವು ಬೈಸಿಕೊಂಡದ್ದು ಇಲ್ಲಿಯ ವಿಷಯಕ್ಕೆ ತಾನೆ?

ಒಂದೇ ಪಾತ್ರ ಸಿನಿಮಾದಿಂದ ಸಿನಿಮಾಕ್ಕೆ ನಡೆದು ಬರುವುದು ಕನ್ನಡಕ್ಕೆ ಹೊಸದೇನಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು. ಬೆನ್ನಿಗೇ ಇನ್ನೆರಡು, ಹತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲಿ ಯಾವುದನ್ನು ಮೊದಲು ನೋಡಿದರೂ ಆದೀತು. ಅಣ್ಣಾವ್ರು ಬರುತ್ತಾರೆ, ಕೇಸು ಮುಗಿಸುತ್ತಾರೆ, ಹೋಗುತ್ತಾರೆ. ಟಿ.ಎನ್. ಸೀತಾರಾಂ ಅವರ ವಕೀಲ ಸಿ.ಎಸ್.ಪಿ. ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಕರಿಕೋಟು ಹಾಕಿಕೊಂಡೇ ನಡೆದು ಬಂದದ್ದು ನೆನಪಿಸಿಕೊಳ್ಳಿ. ಅದನ್ನು ‘ಯೂನಿವರ್ಸ್’ ಎಂದು ಕರೆಯಬೇಕು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ನಮ್ಮಮ್ಮ ಅವರನ್ನು ‘ಲಾಯರ್ರು ಬಂದ್ರು’ ಎಂದು ಕರೆಯುತ್ತಿದ್ದರು, ಪಕ್ಕದ ಮನೆಯವರು ಎಂಬಂತೆ.

‘ಕೆಜಿಎಫ್’ ವಿಷಯದಲ್ಲಿ ಪ್ರಶಾಂತ್ ನೀಲ್ ಜಾಣತನ ಮಾಡಿದರು. 2018ರ ಡಿಸೆಂಬರಿನ ಮೊದಲ ಅಧ್ಯಾಯ ಅರ್ಧ ಕಥೆಯೇ, ಆದರೂ ಖಳನಾಯಕ ಗರುಡನ ತಲೆ ಉರುಳುವುದರೊಂದಿಗೆ ಪೂರ್ತಿ ಊಟ ಮಾಡಿದ ತೃಪ್ತಿ ಕೊಟ್ಟು ಕಳಿಸಿತು. ಮೊದಲ ಭಾಗದಲ್ಲಿ ಅನಂತ್ ನಾಗ್, ಎರಡನೆಯದರಲ್ಲಿ ಪ್ರಕಾಶ್ ರೈ ಕಥೆ ಹೇಳುತ್ತಾರೆ. ಕಥೆಗಾರ ಬದಲಾದದ್ದನ್ನೂ ಕಥೆಯೊಳಗೇ ಕೂರಿಸಿದರು. 2022ರ ಏಪ್ರಿಲ್ 14ರಂದು ಬಂದ ಎರಡನೆಯದರಲ್ಲಿ ಸದ್ದು ನನ್ನ ವಯಸ್ಸಿನ ಕಿವಿಗೆ ಜಾಸ್ತಿಯಾಯಿತು, ಕತ್ತರಿ ಒಂದು ಕಡೆಯೂ ನಿಲ್ಲಲೊಲ್ಲದು. ಆದರೆ ಸಾಲ ಇಟ್ಟುಕೊಳ್ಳಲಿಲ್ಲ, ನಾಯಕನನ್ನು ಚಿನ್ನದ ಸಮೇತ ಸಮುದ್ರಕ್ಕೆ ಇಳಿಸಿತು. ಆಮೇಲೆ ಹೆಸರುಗಳು ಓಡುವಾಗ ಮೂರನೇ ಅಧ್ಯಾಯದ ಕಡತ ತೋರಿಸಿದರಲ್ಲ, ಅದೊಂದು ಕೈಗಡ. ನಾಲ್ಕು ವರ್ಷವಾಯಿತು. ತೀರಿಸದಿದ್ದರೂ ನನಗೆ ಬೇಜಾರಿಲ್ಲ. ಮುಳುಗಿದ ಹಡಗನ್ನು ಎತ್ತುವುದು ಕಷ್ಟ.

‘ಕಾಂತಾರ’ದ ಮಾತು ಬೇರೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ‘ಏನೋ ಕೊರತೆ’ ನನಗೂ ಆಗಿತ್ತು. 2022ರ ಸೆಪ್ಟೆಂಬರ್ 30ರ ಮೊದಲ ಸಿನಿಮಾದ ಬೇರು ಇದ್ದದ್ದು ಭೂಮಿಯಲ್ಲಿ, ಅಂದರೆ ಅಕ್ಷರಶಃ ಜಾಗದ ತಕರಾರಿನಲ್ಲಿ. ರಾಜನೊಬ್ಬ ಹಿಂದೆ ಊರಿಗೆ ಕೊಟ್ಟ ಜಾಗ, ಅದನ್ನು ವಾಪಸ್ ಕೇಳುವ ವಂಶಸ್ಥ, ನಡುವೆ ಬೇಲಿ ಹಾಕಲು ಬರುವ ಅರಣ್ಯ ಇಲಾಖೆ. ದೈವ ಆ ಜಗಳದೊಳಗೇ ಇತ್ತು, ನ್ಯಾಯ ಹೇಳುವ ಹಿರಿಯನ ಹಾಗೆ. ಕೊನೆಗೆ ಎಲ್ಲರ ಕೈ ಹಿಡಿದು ಎದೆಗೆ ಒತ್ತಿಕೊಳ್ಳುವ ಆ ದೃಶ್ಯದಲ್ಲಿ ಮಾತಿಲ್ಲ. ದೈವಕ್ಕೆ ಎಷ್ಟು ಶಕ್ತಿ, ಎಲ್ಲಿಂದ ಬಂತು ಎಂದು ಯಾರೂ ವಿವರಿಸಲಿಲ್ಲ. ನಾನು ಮೈ ಜುಮ್ಮೆಂದು ಎದ್ದು ಬಂದೆ.

2025ರ ಅಕ್ಟೋಬರ್ 2ರ ‘ಚಾಪ್ಟರ್ 1’ ಕದಂಬರ ಕಾಲಕ್ಕೆ ಹಿಂದೆ ಹೋಗುತ್ತದೆ. ಕೆಲಸಗಾರಿಕೆ ಬೆರಗುಗೊಳಿಸುವಂಥದ್ದು. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ರಥ ಓಡುವ ದೃಶ್ಯ, ಎಲ್ಲ ನಮ್ಮವರು ಮಾಡಿದ್ದು ಎಂದು ಎದೆಯುಬ್ಬಿತು. ರುಕ್ಮಿಣಿ ವಸಂತ್ ಅವರ ಪಾತ್ರ ತಿರುಗಿ ನಿಲ್ಲುವ ಗಳಿಗೆ ಚೆನ್ನಾಗಿದೆ. ಆದರೆ ಮೊದಲ ಸಿನಿಮಾ ಹೇಳದೆ ಬಿಟ್ಟದ್ದನ್ನು ಇದು ಹೇಳಲು ಕೂರುತ್ತದೆ. ಗುಡಿಯ ಬಾಗಿಲು ಮುಚ್ಚಿದ್ದಾಗ ಒಳಗೆ ಏನಿದೆ ಎಂಬ ಭಯಭಕ್ತಿ ಒಂದು ತರಹ. ದೀಪ ಹಚ್ಚಿ ಮೂಲೆ ಮೂಲೆ ತೋರಿಸಿದರೆ ಬೇರೆ ತರಹ. ಹಿಂದಿನ ಕಥೆ ಹೇಳುವ ಎಲ್ಲ ಸಿನಿಮಾಗಳಿಗೂ ಈ ಅಪಾಯ ಇದೆ. ಜೊತೆಗೆ ಜಗಳ ಗುಂಟೆಯಿಂದ ಸಾಮ್ರಾಜ್ಯಕ್ಕೆ ಏರಿತು. ನನ್ನಂಥವನಿಗೆ ಸರ್ವೆ ನಂಬರು ಅರ್ಥವಾಗುತ್ತದೆ, ಸಿಂಹಾಸನ ಅಷ್ಟಾಗಿ ಆಗುವುದಿಲ್ಲ. ಹೀಗೆ ಹೇಳಿದರೆ ಕನ್ನಡದ್ರೋಹವೇನೂ ಅಲ್ಲ. ನಿಮ್ಮ ಆಫೀಸಿನವರಿಗೆ ಈ ಪ್ಯಾರಾ ತೋರಿಸಿ, ಬೈಗುಳ ನನಗೆ ಬರಲಿ.

ಇನ್ನೊಂದು ಮಾತು. ಸ್ಪೈಡರ್‌ಮ್ಯಾನ್ ವೇಷ ಹಾಕಿ ಮಾಲ್‌ನಲ್ಲಿ ಕುಣಿಯುವ ಹುಡುಗನನ್ನು ಕಂಡು ಯಾರೂ ನೊಂದುಕೊಳ್ಳುವುದಿಲ್ಲ. ಪಂಜುರ್ಲಿ, ಗುಳಿಗ ಹಾಗಲ್ಲ. ‘ಚಾಪ್ಟರ್ 1’ ಬಂದಾಗ ಥಿಯೇಟರಿನಲ್ಲಿ, ಬೀದಿಯಲ್ಲಿ ದೈವದ ಅನುಕರಣೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಬಹಿರಂಗವಾಗಿ ವಿನಂತಿ ಮಾಡಬೇಕಾಯಿತು. ಮಾರ್ವೆಲ್‌ನ ಪಾತ್ರಗಳನ್ನು ಡಿಸ್ನಿ 2009ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೊಂಡಿತು, ಕಾಗದ ಇದೆ, ಬೇಕಾದಂತೆ ಸಾಯಿಸಬಹುದು, ಬದುಕಿಸಬಹುದು. ದೈವದ ಕಾಗದ ಯಾರ ಹತ್ತಿರ ಇದೆ? ತುಳುನಾಡಿನ ಯಾವುದೋ ಊರಿನ ನೇಮದಲ್ಲಿ ರಾತ್ರಿಯಿಡೀ ಕಾಯುವವರು ಅದರ ಹಕ್ಕುದಾರರು. ಹಾಗಾಗಿ ಈ ಕಥೆ ಎಷ್ಟು ಅಧ್ಯಾಯ ಬೆಳೆಯಬಹುದು ಎನ್ನುವುದನ್ನು ಗಲ್ಲಾಪೆಟ್ಟಿಗೆ ಒಂದೇ ತೀರ್ಮಾನಿಸಲಾರದು. ರಿಷಬ್ ಶೆಟ್ಟಿ ಆ ಸೀಮೆಯವರೇ ಆದ್ದರಿಂದ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೇನೆ.

ಹೊಟ್ಟೆಕಿಚ್ಚಿನ ವಿಷಯವೊಂದನ್ನು ಹೇಳದೆ ಇರಲಾರೆ. ಬೆಂಗಳೂರಿಗೆ ಸೂಪರ್‌ಹೀರೋ ಬಂದಳು, ಮಲಯಾಳಂ ಮಾತಾಡಿಕೊಂಡು. 2025ರ ಆಗಸ್ಟಿನ ‘ಲೋಕಾ: ಚಾಪ್ಟರ್ 1’ ಬಹುಪಾಲು ನಡೆಯುವುದು ನಮ್ಮ ಊರಿನಲ್ಲಿ. ರಾತ್ರಿಪಾಳಿಯ ಹುಡುಗಿ, ಎದುರು ಮನೆಯ ಸೋಮಾರಿ ಹುಡುಗರು, ಬಾಡಿಗೆ ಮನೆ. ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಐತಿಹ್ಯ ಗೊತ್ತಿಲ್ಲದ ನನಗೂ ಎಲ್ಲ ಅರ್ಥವಾಯಿತು. ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ಇಲ್ಲಿ ಸಿಟ್ಟು ಬಂತು, ತಂಡದವರು ಕ್ಷಮೆ ಕೇಳಿ ಅದನ್ನು ತಿದ್ದಿದರು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ: ನಮ್ಮ ‘ನಾಳೆ ಬಾ’ ಗೊತ್ತಲ್ಲ, ಬಾಗಿಲ ಮೇಲೆ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದೆವಲ್ಲ, ಆ ಬೀದಿಗಳಿಗೆ ಯಕ್ಷಿಯನ್ನು ಕರೆತರಲು ಪಕ್ಕದ ರಾಜ್ಯದವರು ಬರಬೇಕಾಯಿತೇ?

ಸರಿ, ಮಗನ ಪಟ್ಟಿಗೆ ಬರೋಣ. ‘ಫ್ಯಾಂಟಾಸ್ಟಿಕ್ ಫೋರ್’ ತನಕ ಸಿನಿಮಾಗಳೇ 37. ಸರಣಿಗಳೂ ಸೇರಿದರೆ ಹುಡುಗ ಆರನೇ ಕ್ಲಾಸು ಇನ್ನೊಮ್ಮೆ ಓದಬೇಕಾಗುತ್ತದೆ. ‘ಅವೆಂಜರ್ಸ್: ಡೂಮ್ಸ್‌ಡೇ’ 2026ರ ಡಿಸೆಂಬರ್ 18ಕ್ಕೆ ನಿಗದಿಯಾಗಿದೆ. ಅದರ ನಿರ್ದೇಶಕರು ‘ಎಂಡ್‌ಗೇಮ್’ ಮಾಡಿದ ರುಸ್ಸೋ ಸೋದರರೇ, ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಈ ಸಲ ಖಳನಾಯಕ ಡೂಮ್. ಕ್ಯಾಂಗ್ ಎಂಬ ಇನ್ನೊಬ್ಬ ಖಳನ ಮೇಲೆ ಕಟ್ಟಿದ್ದ ಕಥೆ, ಆ ಪಾತ್ರದ ನಟನನ್ನು 2023ರ ಕೊನೆಗೆ ಕೈಬಿಟ್ಟಾಗ ಕುಸಿಯಿತು. ಮರುವರ್ಷ ಡೌನಿ ವಾಪಸ್ ಬಂದರು. ಚೀಟಿ ಬಿಗಡಾಯಿಸಿದಾಗ ಹಳೆಯ ನಂಬಿಕಸ್ಥರನ್ನೇ ಮತ್ತೆ ಕೂರಿಸುತ್ತಾರಲ್ಲ, ಹಾಗೆ. ಆದ್ದರಿಂದ ಮಗನಿಗೆ ಮೊದಲು ‘ಐರನ್ ಮ್ಯಾನ್’ ತೋರಿಸಿ, ಡೌನಿಯ ಮುಖದ ಬೆಲೆ ಅವನಿಗೆ ಗೊತ್ತಾಗಲಿ. 2012ರ ‘ಅವೆಂಜರ್ಸ್’, 2014ರ ‘ವಿಂಟರ್ ಸೋಲ್ಜರ್’, ಆಮೇಲೆ ‘ಇನ್ಫಿನಿಟಿ ವಾರ್’, ‘ಎಂಡ್‌ಗೇಮ್’. ಸರಣಿಗಳಲ್ಲಿ ‘ಲೋಕಿ’ ಒಂದೇ ಸಾಕು, ಎರಡು ಸೀಸನ್ ಸೇರಿ 12 ಕಂತು. ಎರಡನೆಯದರ ಕೊನೆಯ ಕಂತು ಮಾರ್ವೆಲ್‌ನ ಇಡೀ ಟಿವಿ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು. ಕಡೆಗೆ 2025ರ ‘ಥಂಡರ್‌ಬೋಲ್ಟ್ಸ್’ ಮತ್ತು ‘ಫ್ಯಾಂಟಾಸ್ಟಿಕ್ ಫೋರ್’. ಒಟ್ಟು ಏಳು ಸಿನಿಮಾ, ಒಂದು ಸರಣಿ. ದಸರಾ ರಜೆಯಲ್ಲಿ ಮುಗಿಯುತ್ತದೆ.

ನಡುವೆ ಎಂದಾದರೂ ಬೇಸರ ಬಂದರೆ 2018ರ ಆನಿಮೇಷನ್ ‘ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ ಹಾಕಿ. ಅದರ ಎರಡನೇ ಭಾಗ 2023ರಲ್ಲಿ ಕನ್ನಡದಲ್ಲೂ ಥಿಯೇಟರಿಗೆ ಬಂತು. ದಶಕಗಟ್ಟಲೆ ಡಬ್ಬಿಂಗ್ ಎಂಬ ಪದ ಎತ್ತಿದರೆ ಜಗಳವಾಗುತ್ತಿದ್ದ ಊರಿದು. ಎರಡನೆಯದು ನಡುದಾರಿಯಲ್ಲಿ ಕೈಬಿಡುತ್ತದೆ ಎಂದು ಮೊದಲೇ ಎಚ್ಚರಿಸಿರಿ, ಇಲ್ಲದಿದ್ದರೆ ಮಗ ನಿಮ್ಮನ್ನೇ ಕೇಳುತ್ತಾನೆ. ‘ಆಂಡೋರ್’ ಅವನಿಗೆ ಇನ್ನೂ ನಾಲ್ಕು ವರ್ಷ ಬೇಡ, ನಿಮಗೆ ಈ ವಾರವೇ ಬೇಕು. ಮೊದಲ ಎರಡು ಕಂತು ನಿಧಾನ, ಮೂರನೆಯದರವರೆಗೆ ಸಹಿಸಿಕೊಳ್ಳಿ. ‘ಸ್ಟ್ರೇಂಜರ್ ಥಿಂಗ್ಸ್’ ಮೊದಲ ಸೀಸನ್ ನೋಡಿ ನಿಲ್ಲಿಸಿದರೂ ಪರವಾಗಿಲ್ಲ. 2016ರಿಂದ 2025ರವರೆಗೆ ಒಂಬತ್ತು ವರ್ಷ ಎಳೆದರು. ಕಥೆಯೊಳಗೆ ಕಳೆದದ್ದು ಐದಾರೇ ವರ್ಷ, ಮಕ್ಕಳಿಗೆಲ್ಲ ಗಡ್ಡ ಬಂದಿತ್ತು.

ಥಿಯೇಟರಿಗೆ ಹೋಗುವ ಖರ್ಚಿನ ಚಿಂತೆಯೂ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ಬೆಲೆಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ‘ಡೂಮ್ಸ್‌ಡೇ’ ಮೊದಲ ವಾರದ ಟಿಕೆಟ್ ಬೆಲೆ ನೋಡಿ ಎದೆ ಹಿಡಿದುಕೊಳ್ಳಬೇಡಿ. ಎರಡನೇ ವಾರದ ಮಂಗಳವಾರ ಬೆಳಗಿನ ಆಟಕ್ಕೆ ಹೋಗಿ. ಶಾಲೆಗೆ ಒಂದು ದಿನ ಹೊಟ್ಟೆನೋವು ಅಂತ ಚೀಟಿ ಬರೆದುಕೊಡಿ, ಇಂಥ ಚೀಟಿಗೆ ಬಡ್ಡಿ ಇಲ್ಲ. ಸಿನಿಮಾ ಮುಗಿದ ಮೇಲೆ ಕೂರಬೇಕೆ, ಎದ್ದು ಬರಬೇಕೆ ಎಂದು ಮಗ ಕೇಳಿದರೆ, ಕೂರಿ. ಅವನ ಪಾಲಿಗೆ ಇದು ಮೊದಲ ಕಂತು. ಪೊರಕೆ ಹಿಡಿದವರು ನಿಮ್ಮ ಸಾಲಿಗೆ ಬಂದಾಗ ಇಬ್ಬರೂ ಕಾಲು ಮೇಲೆತ್ತಿಕೊಳ್ಳಿ, ಅಷ್ಟೆ.